ವಿಶ್ವಸಾಹಿತ್ಯದ ವ್ಯಾಸಂಗವೂ ಊರ ನುಡಿಯೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಸೀಮೆಗಳ ತರುಣ ತರುಣಿಯರಿಗೆ ಉಚ್ಚ ವ್ಯಾಸಂಗದ ಬಾಗಿಲು ಈಗ ತೆರೆದಿರುವುದು. ಕರ್ನಾಟಕ ವಿಶ್ವವಿದ್ಯಾನಿಲಯವು ೧೯೪೯ರಲ್ಲಿ ಸ್ಥಾಪಿತವಾಯಿತು; ೨೦೦೩ರಲ್ಲಿ ವಿಜಯಪುರದಲ್ಲಿಯೇ ಮಹಿಳಾ ವಿಶ್ವವಿದ್ಯಾನಿಲಯವು ಹುಟ್ಟಿತು. ಇದು ಸಂತೋಷದ ಸಂಗತಿಯೇ ಸರಿ. ಆದರೆ ವಿಶ್ವಸಾಹಿತ್ಯ, ಸಂಸ್ಕೃತಿ, ಕಲೆ ಎಂಬ ವಿಷಯಗಳನ್ನು ಓದಲು ಒಳಹೊಕ್ಕವನು ಯಾವ ಅಳತೆಗೋಲನ್ನು ಕೈಯಲ್ಲಿ ಹಿಡಿದು ಓದುವನೆಂಬುದು ವಿಚಾರಣೀಯವಾಗಿದೆ. ಹೊರಗಿನದನ್ನೆಲ್ಲ ಇಂಗ್ಲಿಷ್ ಅನುವಾದದಲ್ಲಿ ಓದಿ, ಮನೆಯದನ್ನು ಓದದೆಯೇ ಬಿಟ್ಟು, ಅದನ್ನೇ ವಿಶ್ವಸಾಹಿತ್ಯಜ್ಞಾನವೆಂದು ಭಾವಿಸುವುದಾದರೆ ಆ ವ್ಯಾಸಂಗವು ಶ್ರುತಿಯಿಲ್ಲದ ಗಾನದಂತೆ ಆಗುವುದು.

ವಿಶ್ವಸಾಹಿತ್ಯವೆಂಬ ಕಲ್ಪನೆಗೆ ೧೮೨೭ರಲ್ಲಿ ಪ್ರಚಾರವನ್ನು ಕೊಟ್ಟವನು ಜರ್ಮನಿಯ ಮಹಾಕವಿ ಗಯಟೆ. ಅವನು ಕಾಳಿದಾಸನ ಶಾಕುಂತಲವನ್ನು ಓದಿ ಮುಗ್ಧನಾದುದು ಪ್ರಸಿದ್ಧವಷ್ಟೆ. ಅವನ ಕೈಸೇರಿದುದು ಮೂಲವಲ್ಲ. ವಿಲಿಯಂ ಜೋನ್ಸನು ೧೭೮೯ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದದಿಂದ ಫಾರ್ಸ್ಟರನು ೧೭೯೧ರಲ್ಲಿ ಮಾಡಿದ ಜರ್ಮನ್ ಅನುವಾದ. ಆದುದರಿಂದ ಅನುವಾದವನ್ನು ಹಳಿಯತಕ್ಕದ್ದಲ್ಲ. ಆದರೆ ಗಯಟೆಯು ತನ್ನ ನುಡಿಯಲ್ಲಿ ತಾನೇ ಕವಿಯಾಗಿದ್ದನು. ಶಕುಂತಲೆಯನ್ನು ಬರಮಾಡಿಕೊಳ್ಳಲು ಅವನಲ್ಲಿ ಮನೆಯಿತ್ತು. ಮನೆಯಿಲ್ಲದವನು ಅತಿಥಿಯನ್ನು ಎಲ್ಲಿ ಕೂಡಿಸುವನು?

ನಮ್ಮ ಆಲಂಕಾರಿಕರಿಗೂ ಈ ವಿಷಯವು ಹೊಸತಲ್ಲ. ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ, ಸರಸ್ವತೀಪುತ್ರನಾದ ಕಾವ್ಯಪುರುಷನು ದೇಶದೇಶಗಳನ್ನು ಸುತ್ತಿದುದನ್ನೂ ಸಾಹಿತ್ಯವಿದ್ಯಾವಧುವು ಅವನನ್ನು ಹಿಂಬಾಲಿಸಿದುದನ್ನೂ ವರ್ಣಿಸಿರುವನು. ದೇಶ ಬದಲಾದಂತೆ ವೇಷ, ವಿಲಾಸ, ವಚನಗಳ ವಿನ್ಯಾಸವೂ ಬದಲಾಗುವುದು. ಇವಕ್ಕೆ ಕ್ರಮವಾಗಿ ಪ್ರವೃತ್ತಿ, ವೃತ್ತಿ, ರೀತಿ ಎಂದು ಹೆಸರು. ಉಡುಗೆ, ನರ್ತನ, ನುಡಿ ಈ ಮೂರನ್ನೂ ಕೂಡಿಸಿಯೇ ನೋಡಬೇಕೆಂಬುದು ಇದರ ತಾತ್ಪರ್ಯ. ಇಂದಿನವರು ಸಾಹಿತ್ಯ, ಸಂಸ್ಕೃತಿ, ಕಲೆಗಳನ್ನು ಒಂದೇ ಪಠ್ಯಕ್ರಮದಲ್ಲಿ ಇರಿಸುವುದೂ ಇದಕ್ಕಾಗಿಯೇ ಅಲ್ಲವೇ?

ಈ ಸೀಮೆಗೆ ಇಂಥ ವ್ಯಾಸಂಗದ ಪೂರ್ವಪರಂಪರೆಯೂ ಉಂಟು. ಇಂಡಿ ತಾಲೂಕಿನ ಸಾಲೋಟಗಿಯ ಕ್ರಿ. ಶ. ೯೪೫ರ ಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಯನ್ನು ತಿಳಿಸುತ್ತದೆ. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗೆ ೨೭ ವಸತಿಗಳು, ದೀಪಕ್ಕೆ ೧೨ ನಿವರ್ತನ ಭೂಮಿ, ಉಪಾಧ್ಯಾಯನಿಗೆ ೫೦ ನಿವರ್ತನ. ಇದಲ್ಲದೆ ಮದುವೆ, ಉಪನಯನ, ಚೌಲಗಳಲ್ಲಿ ಊರವರು ಕೊಡತಕ್ಕ ಕಾಣಿಕೆ. ಅಂದು ದೂರದ ನಾಡುಗಳು ಈ ಹೊಲಗಳ ಅನ್ನವನ್ನುಂಡು ಓದಿದವು. ಕಲೆಯಲ್ಲಿಯೂ ಇದೇ ನಡೆ. ವಿಜಯಪುರದ ಎರಡನೆಯ ಇಬ್ರಾಹಿಮ ಆದಿಲಶಹನು ದಖನಿಯಲ್ಲಿ ರಚಿಸಿದ ಗೀತಗಳ ಗ್ರಂಥಕ್ಕೆ ‘ನವರಸ’ವೆಂದು ಹೆಸರಿಟ್ಟು, ಅದರಲ್ಲಿ ಸರಸ್ವತಿಯನ್ನು ಸ್ತುತಿಸಿದನು, ಇರಾನದಿಂದ ಬಂದ ಕವಿ ಜಹೂರಿಯು ಅದಕ್ಕೆ ಪಾರಸಿಯಲ್ಲಿ ಮುನ್ನುಡಿ ಬರೆದನು. ಅಂದು ಜಗತ್ತು ಇಲ್ಲಿಗೆ ಬಂದಿತು; ಇಂದು ಇಲ್ಲಿಯ ಮಕ್ಕಳು ಜಗತ್ತಿಗೆ ಹೋಗುವರು. ಹೋಗುವವರ ಬುತ್ತಿಯಲ್ಲಿ ಏನಿರಬೇಕೆಂಬುದೇ ಮುಖ್ಯವಾದ ಮಾತು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ ಅವರು ೧೯೭೩ರಲ್ಲಿ ‘ಸ್ಪೀಕಿಂಗ್ ಆಫ್ ಶಿವ’ ಎಂಬ ವಚನಾನುವಾದವನ್ನು ಪ್ರಕಟಿಸಿದರು. ಬಾಗೇವಾಡಿಯ ಬಸವಣ್ಣನವರು ಹೊರನಾಡುಗಳ ಅನೇಕ ಓದುಗರಿಗೆ ಪರಿಚಿತರಾದುದು ಈ ಪುಸ್ತಕದಿಂದ. ಇದರಲ್ಲಿ ‘ಕೂಡಲಸಂಗಮದೇವ’ ಎಂಬ ಅಂಕಿತವು ‘ಕೂಡುವ ನದಿಗಳ ಒಡೆಯ’ ಎಂಬರ್ಥದ ಇಂಗ್ಲಿಷ್ ಮಾತಾಗಿದೆ. ಇದು ಗುಣವೋ ದೋಷವೋ? ಎರಡೂ ಹೌದು. ನಿತ್ಯವೂ ಉಚ್ಚರಿಸಿ ಸವೆದ ಹೆಸರಿನೊಳಗೆ ಕೃಷ್ಣೆ ಮಲಪ್ರಭೆಗಳು ಹರಿಯುತ್ತಿರುವುದನ್ನು ಕನ್ನಡಿಗನು ಮರೆತಿರಬಹುದು. ಅನುವಾದವು ಅದನ್ನು ನೆನಪಿಗೆ ತರುತ್ತದೆ. ಇದು ದೊಡ್ಡ ಉಪಕಾರ. ಆದರೆ ‘ಕೂಡಲ’ವು ಅಚ್ಚಗನ್ನಡ, ‘ಸಂಗಮ’ವು ಸಂಸ್ಕೃತ; ಎರಡಕ್ಕೂ ಅರ್ಥವೊಂದೇ. ಅಲ್ಲಿ ನದಿಗಳೆರಡು ಕೂಡಿದಂತೆ ನುಡಿಗಳೆರಡೂ ಕೂಡಿವೆ. ಇಂಗ್ಲಿಷಿನಲ್ಲಿ ಈ ಎರಡನೆಯ ಸಂಗಮವಿಲ್ಲ. ಮೇಲಾಗಿ ವಚನದ ತುದಿಯಲ್ಲಿ ಅಂಕಿತವು ಹೆಸರು ಹಿಡಿದು ಕರೆಯುವ ಕೂಗು. ಅನುವಾದದಲ್ಲಿ ಅದು ವಿಶೇಷಣವಾಗಿ ತಣ್ಣಗಾಗುವುದು. ಈ ಲಾಭವನ್ನೂ ಈ ನಷ್ಟವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಲ್ಲವನು ಯಾರು? ಎರಡು ದಡಗಳನ್ನೂ ಕಂಡವನು ಮಾತ್ರ. ಬಾಗೇವಾಡಿಯ ವಿದ್ಯಾರ್ಥಿಗೆ ಈ ಅಧಿಕಾರವು ಹುಟ್ಟಿನಿಂದ ಬಂದಿದೆ. ಅವನು ಮೂಲವನ್ನು ಓದದಿದ್ದರೆ ತನ್ನ ಊರಿನವರನ್ನೇ ಪರರ ಬಾಯಿಂದ ಕೇಳಿದಂತಾಗುವುದು. ಸಿಂದಗಿ ತಾಲೂಕಿನಲ್ಲಿ ಹುಟ್ಟಿ ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿ ಓದಿದ ಎಂ. ಎಂ. ಕಲಬುರ್ಗಿಯವರು, ಮೂಲಗಳ ಶೋಧನೆಯಲ್ಲಿ ಪಳಗಿದ ಮೇಲೆಯೇ ಬಸವ ಸಮಿತಿಯ ಬಹುಭಾಷಾ ವಚನಾನುವಾದಕ್ಕೆ ಪ್ರಧಾನ ಸಂಪಾದಕರಾದುದು ಸ್ಮರಣೀಯ.

ಹೊರಗಿನದನ್ನು ಒಳಗೆ ತರುವಾಗಲೂ ಇದೇ ನ್ಯಾಯ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು ಸೊಫೊಕ್ಲಿಸನ ‘ಅಯಾಸ್’ ನಾಟಕವನ್ನು ೧೯೨೯ರಲ್ಲಿ ‘ಅಶ್ವತ್ಥಾಮನ್’ ಆಗಿ ಮಾರ್ಪಡಿಸಿದರು. ಗ್ರೀಕ್ ವೀರನ ಅಭಿಮಾನಭಂಗಕ್ಕೆ ಭಾರತದಲ್ಲಿ ಜೋಡಿಯನ್ನು ಹುಡುಕಿದುದು ಸಾಮಾನ್ಯವಾದ ಪ್ರತಿಭೆಯಲ್ಲ. ಆದರೆ ಚಿರಂಜೀವಿಯೆಂದು ಪ್ರಸಿದ್ಧನಾದವನನ್ನು ಮೃತ್ಯುವಶನನ್ನಾಗಿ ಮಾಡಿದುದರಿಂದ ಪುರಾಣವನ್ನು ಬಲ್ಲ ಓದುಗನ ಮನಸ್ಸು ಅಲ್ಲಿ ತಡೆಯುವುದು. ಈ ತಡೆಯೇ ಪಾಠ. ಸಾಯುವುದರಲ್ಲಿ ವೀರನ ಗೌರವವನ್ನು ಕಂಡ ಜನ ಒಂದು. ಸಾಯದೆ ಅಲೆಯುವುದನ್ನೇ ಕಠಿನತಮ ಶಿಕ್ಷೆಯೆಂದು ಬಗೆದ ಜನ ಇನ್ನೊಂದು. ಒಂದನ್ನೇ ಬಲ್ಲವನಿಗೆ ಈ ಭೇದವು ತೋರದು.

ಇನ್ನು ವಿಶ್ವವಿದ್ಯಾನಿಲಯದ ಹೊರಗಿನ ಕೆಲಸ. ಅವಿಭಕ್ತ ಇಂಡಿ ತಾಲೂಕಿನ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಹೆಂಗಳೆಯರ ಬಾಯಲ್ಲಿದ್ದ ತ್ರಿಪದಿಗಳನ್ನು ಕೂಡಿಸಿದರು. ೧೯೩೧ರಲ್ಲಿ ‘ಗರತಿಯ ಹಾಡು’ ಪ್ರಕಟವಾಯಿತು. ಫಿನ್ಲಂಡಿನ ವೈದ್ಯನಾದ ಲೋನ್ರೂಟನು ೧೮೩೫ರಲ್ಲಿ ಜನರ ಹಾಡುಗಳನ್ನು ಹೆಣೆದು ‘ಕಾಲೆವಲ’ವೆಂಬ ಮಹಾಕಾವ್ಯವನ್ನು ಮಾಡಿದನು, ಅದು ಇಂದು ವಿಶ್ವಸಾಹಿತ್ಯದ ಪಂಕ್ತಿಯಲ್ಲಿ ಕುಳಿತಿದೆ. ಹಲಸಂಗಿಯವರು ಹಾಡುಗಳನ್ನು ಒಂದು ಕಥೆಯಾಗಿ ಹೆಣೆಯಲಿಲ್ಲ. ತವರು, ಮಗು, ಒಡಹುಟ್ಟಿದವರು ಎಂಬ ಭಾವಗಳು ಮೂರು ಮೂರು ಸಾಲುಗಳಲ್ಲಿ ತಾವೇ ಪೂರ್ಣವಾಗಿ ನಿಂತಿವೆ. ಇದು ಕೊರತೆಯಲ್ಲ, ಬೀಸುವ ಕಲ್ಲಿನ ಸುತ್ತಿಗೆ ಹೊಂದಿದ ರೂಪವನ್ನು ಕೆಡಿಸದೆ ಉಳಿಸಿದ ವಿವೇಕ. ಆದರೂ ಇದಕ್ಕೆ ‘ಕಾಲೆವಲ’ದ ಪದವಿ ದೊರೆತಿಲ್ಲ. ಜಾನಪದವೆಂಬ ಕೋಣೆಯಲ್ಲಿ ಇದನ್ನು ಮಾದರಿಗಾಗಿ ಇರಿಸಿ, ಪಕ್ಕದ ಕೋಣೆಯಲ್ಲಿ ವಿಶ್ವಸಾಹಿತ್ಯವನ್ನು ಬೋಧಿಸುವವರೆಗೆ ದೊರೆಯುವಂತೆಯೂ ಇಲ್ಲ.

ಇದು ಕೂಪಮಂಡೂಕನ ಅಭಿಮಾನವೆಂದು ಕೆಲವರು ಆಕ್ಷೇಪಿಸಬಹುದು. ಹಾಗಲ್ಲ. ಹೊರಗಿನ ಬೆಳಕು ಬೀಳದೆ ಮನೆಯ ವಸ್ತುವಿನ ಬಣ್ಣವೂ ತಿಳಿಯದು. ‘ಕಾಲೆವಲ’ವನ್ನು ಓದಿದವನೇ ತ್ರಿಪದಿಯ ಸಂಯಮವನ್ನು ಚೆನ್ನಾಗಿ ಅರಿಯುವನು. ಆದುದರಿಂದ ವಿದ್ಯಾರ್ಥಿಯು ಪರಭಾಷೆಯೊಂದರ ಒಂದು ಕೃತಿಯನ್ನಾದರೂ ಮೂಲದಲ್ಲಿ ಕಷ್ಟಪಟ್ಟು ಓದಲಿ. ತನ್ನ ಊರ ನುಡಿಯ ಒಂದು ವಚನವನ್ನೋ ತ್ರಿಪದಿಯನ್ನೋ ಆ ಭಾಷೆಗೆ ತಾನೇ ಒಯ್ದು, ದಾರಿಯಲ್ಲಿ ಏನು ಸೋರಿತು, ಏನು ಹೊಸದಾಗಿ ಕಂಡಿತು ಎಂಬುದನ್ನು ಬರೆದು ಒಪ್ಪಿಸಲಿ. ಹತ್ತು ಸಾಹಿತ್ಯಚರಿತ್ರೆಗಳನ್ನು ಕಂಠಪಾಠಮಾಡುವುದಕ್ಕಿಂತ ಇದು ಕಠಿನವಾದ ಪರೀಕ್ಷೆ. ಸಹೃದಯನು ಸಿದ್ಧನಾಗುವುದೂ ಇದರಿಂದಲೇ. ಅಧ್ಯಾಪಕರು ಇದನ್ನು ವಿಧಿಸಲಿ. ವಿಧಿಸದಿದ್ದರೆ ವಿದ್ಯಾರ್ಥಿಗಳೇ ಇದನ್ನು ವ್ರತವಾಗಿ ಹಿಡಿಯಲಿ.