ಸಡಿಲ ಜಲ್ಲೆ ಎಲ್ಲಿದೆ?

ಮಳವಳ್ಳಿಯ ನಿವೃತ್ತ ಮೇಷ್ಟ್ರೊಬ್ಬರು ಕಳೆದ ವಾರ ಫೋನ್ ಮಾಡಿ, ‘ರಾತ್ರಿಯೆಲ್ಲ ಯಾರೋ ನಮ್ಮನೆ ವೈಫೈಗೆ ನುಗ್ಗೋಕೆ ನೋಡ್ತಾವ್ರೆ ಕಣಪ್ಪ, ಪೊಲೀಸ್‌ಗೆ ಕಂಪ್ಲೇಂಟ್ ಕೊಡ್ಲಾ?’ ಅಂದರು. ಮಗ ಕೊಡಿಸಿದ ಹೊಸ ರೂಟರ್. ಅದರ ಲಾಗ್‌ನ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಬಂತು. ಎರಡರಿಂದ ಮೂರು ಗಂಟೆಯೊಳಗೆ ನಲವತ್ತು ಸಾಲು, ಬಹುಪಾಲು ಹೊರದೇಶದ ವಿಳಾಸಗಳು. ಬೆಳಗಿನ ಕಾಫಿ ಜೊತೆ ಪೇಪರ್ ಓದಿದ ಹಾಗೆ ರೂಟರ್ ಲಾಗನ್ನೂ ಓದುವವನು ನಾನು. ಒಂದೊಂದೇ ಸಾಲು ನೋಡುತ್ತ ಹೋದೆ.

ಮೊದಲು ಕಣ್ಣು ಹೋಗಬೇಕಾದ್ದು ತಟ್ಟಿದ ಬಾಗಿಲಿನ, ಅಂದರೆ ಪೋರ್ಟ್‌ನ, ನಂಬರಿನ ಮೇಲೆ. ಮೇಷ್ಟ್ರ ಲಾಗ್‌ನಲ್ಲಿ ಹೆಚ್ಚಿನವು 23, ನಡುನಡುವೆ 2323. ಈ ಜೋಡಿ ಕಂಡ ಕೂಡಲೇ 2016ರ ಮಿರಾಯ್ ನೆನಪಾಗುತ್ತದೆ. ಸಿಸಿಟಿವಿ ಕ್ಯಾಮೆರಾ, ರೂಟರ್‌ಗಳನ್ನು ಹುಡುಕಿ, ಕಂಪನಿಯವರೇ ಹಾಕಿಕೊಟ್ಟ 60ರಷ್ಟು ಯೂಸರ್‌ನೇಮ್-ಪಾಸ್‌ವರ್ಡ್‌ಗಳನ್ನು ಪ್ರಯತ್ನಿಸುತ್ತಿದ್ದ ಮಾಲ್‌ವೇರ್ ಅದು. ಹತ್ತರಲ್ಲಿ ಒಂಬತ್ತು ಸಲ 23, ಒಂದು ಸಲ 2323 ತಟ್ಟುತ್ತಿತ್ತು. ಅದರ ಕೋಡ್ ಬಹಿರಂಗವಾದ ಮೇಲೆ ಹುಟ್ಟಿದ ಮರಿಗಳು ಇನ್ನೂ ಓಡಾಡುತ್ತಿವೆ. ಲಾಗ್‌ನಲ್ಲಿ ಕಾಣುವ ವಿಳಾಸವೂ ಎಷ್ಟೋ ಸಲ ಇನ್ಯಾರದೋ ಮನೆಯ ಬಡಪಾಯಿ ಕ್ಯಾಮೆರಾದ್ದೇ.

ಈ ಮರಿಗಳಿಗೆ ಮೇಷ್ಟ್ರು ಯಾರೆಂದೇ ಗೊತ್ತಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಓಡುವ ನಮ್ಮೂರ ಹುಡುಗರು ಯಾರ ಗದ್ದೆಯ ಕಬ್ಬು ಎಂದು ವಿಚಾರಿಸುತ್ತಾರೆಯೇ? ಸಡಿಲವಾದ ಜಲ್ಲೆ ಎಲ್ಲಿದೆ ಎಂದಷ್ಟೇ ನೋಡುತ್ತಾರೆ. ಇಂಟರ್‌ನೆಟ್‌ನ ಐಪಿವಿ4 ಮಾದರಿಯ ವಿಳಾಸಗಳು ಒಟ್ಟು ಸುಮಾರು 430 ಕೋಟಿ. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಝೀಮ್ಯಾಪ್ ಎಂಬ ತಂತ್ರಾಂಶ ಬರೆದು, ಒಂದೇ ಕಂಪ್ಯೂಟರಿನಿಂದ 45 ನಿಮಿಷದೊಳಗೆ ಆ ಇಡೀ ಲೋಕವನ್ನು ಸುತ್ತಿಬರಬಹುದೆಂದು ತೋರಿಸಿದರು. ಮಳವಳ್ಳಿಯ ಮನೆ ಅದರಿಂದ ತಪ್ಪಿಸಿಕೊಳ್ಳುವುದುಂಟೇ?

ಸಮಾಧಾನದ ಸಂಗತಿಯೆಂದರೆ ನಲವತ್ತೂ ಸಾಲಿನ ಕೊನೆಗೆ ‘ಡ್ರಾಪ್’ ಎಂದಿತ್ತು. ರೂಟರ್ ಓಗೊಟ್ಟೇ ಇಲ್ಲ. ಇಂಥ ಸಾಲಿಗೆ ನಾನು ನಿದ್ದೆ ಕೆಡಿಸಿಕೊಳ್ಳುವುದಿಲ್ಲ. ಎದೆ ಝಲ್ಲೆನಿಸುವ ಸಾಲು ಬೇರೆಯೇ ಇದೆ. ನಮ್ಮ ಮನೆಯ ಕ್ಯಾಮೆರಾವೇ ಹೊರಗಿನ ನೂರಾರು ವಿಳಾಸಗಳ 23ನೇ ಪೋರ್ಟ್ ತಟ್ಟುತ್ತಿದ್ದರೆ ಜಲ್ಲೆ ಆಗಲೇ ಕೈತಪ್ಪಿದೆ ಎಂದರ್ಥ. ಮಿರಾಯ್ ಮೆಮೊರಿಯಲ್ಲಷ್ಟೇ ಬದುಕುವಂಥದ್ದು, ಪ್ಲಗ್ ಕಿತ್ತರೆ ಸಾಯುತ್ತದೆ. ಆದರೆ ಪಾಸ್‌ವರ್ಡ್ ಬದಲಿಸದೆ ಮತ್ತೆ ನೆಟ್‌ಗೆ ಜೋಡಿಸಿದರೆ ಸ್ವಲ್ಪ ಹೊತ್ತಿನಲ್ಲೇ ಮರಳಿ ಬಂದು ಕೂರಬಹುದು.

ಇದು ದೂರದ ಮಾತಲ್ಲ. 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್‌ನ ಕರ್ನಾಟಕ ವಲಯದಲ್ಲೇ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳ ಮೇಲೆ ಮಾಲ್‌ವೇರ್ ದಾಳಿಯಾಯಿತು. ಏಟು ತಿಂದವು ‘ಅಡ್ಮಿನ್’ ಎಂಬ ಹಳೇ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಮೋಡೆಮ್‌ಗಳು. ಬದಲಿಸಿಕೊಳ್ಳಿ ಎಂದು ಸಂಸ್ಥೆಯೇ ಗ್ರಾಹಕರಿಗೆ ಹೇಳಬೇಕಾಯಿತು.

‘ನಿಮ್ಮ ರೂಟರ್ ಪಾಸ್‌ವರ್ಡ್ ಏನು ಮೇಷ್ಟ್ರೇ?’ ಎಂದು ಕೇಳಿದೆ. ಅದೂ ‘ಅಡ್ಮಿನ್’ ಆಗಿತ್ತು. ಫೋನಿನಲ್ಲೇ ಹೇಳಿಕೊಟ್ಟು ಬದಲಾವಣೆ ಮಾಡಿಸಿದೆ, ಹೊರಗಿನಿಂದ ರೂಟರ್ ನಿಯಂತ್ರಿಸಲು ಬಿಡುವ ರಿಮೋಟ್ ಮ್ಯಾನೇಜ್‌ಮೆಂಟ್ ಆಫ್ ಮಾಡಿಸಿದೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಊರಿನಲ್ಲಿ ಅಪ್ಪ ಅಮ್ಮನಿಗೆ ರೂಟರ್ ಹಾಕಿಸಿಕೊಟ್ಟು ಬೆಂಗಳೂರು ಸೇರಿದವರು ಈ ಭಾನುವಾರ ಬಂದಾಗ ಇಷ್ಟು ಕೆಲಸ ಮಾಡಿಕೊಟ್ಟು ಹೋಗಿ.