ದಂಗ್ದುತ್ ಕೇಳುವ ಬಗೆ

ಇಂಡೊನೇಷ್ಯಾದ ದಂಗ್ದುತ್ ಸಂಗೀತ ಸವಿಯಲು ಹೊರಟ ನಮಗೆ ನಮ್ಮ ಕಿವಿಯೇ ಅಡ್ಡಿ. ಮೊದಲ ಹಾಡಿಗೇ ‘ಇದು ಹಳೇ ಹಿಂದಿ ಸಿನಿಮಾದ ಧಾಟಿ’ ಎಂದು ಗುರುತು ಹಿಡಿದು, ನಕ್ಕು ಸುಮ್ಮನಾಗುತ್ತೇವೆ. ಗುರುತೇನೋ ಸರಿಯೇ. 1950ರ ದಶಕದಲ್ಲಿ ಭಾರತದ ಚಿತ್ರಗಳು ಅಲ್ಲಿನ ಟಾಕೀಸುಗಳಿಗೆ ನುಗ್ಗಿದಾಗ ಮಲಯ್ ವಾದ್ಯವೃಂದಗಳು ಆ ಹಾಡುಗಳನ್ನು ಬಾಚಿಕೊಂಡವು. ಗಾಯಕಿ ಎಲ್ಯಾ ಖದಾಮ್‌ಗೆ ಹೆಸರು ತಂದ ಹಾಡು ‘ಭಾರತದ ಗೊಂಬೆ’ಯನ್ನು ಕುರಿತದ್ದೇ. ಆದರೆ ಧಾಟಿಯ ವಂಶಾವಳಿ ಬಿಡಿಸುತ್ತ ಕೂತರೆ ಹಾಡು ಕೈಗೆ ಸಿಗದು. ದಂಗ್ದುತ್ತಿನ ಜೀವ ಇರುವುದು ತಾಳವಾದ್ಯದಲ್ಲಿ. ಕಿವಿ ಮೊದಲು ಅಲ್ಲಿಗೆ ಹೋಗಬೇಕು, ಗಾಯಕರ ಕಡೆಗೆ ಆಮೇಲೆ.

ಗೆಂಡಾಂಗ್ ಎಂಬ ಜೋಡಿ ವಾದ್ಯ ನಮ್ಮ ತಬಲಾ-ಡಗ್ಗದ ಹತ್ತಿರದ ನೆಂಟ. ನಾಲ್ಕು ಪೆಟ್ಟಿನ ಆವರ್ತದ ಕೊನೆಯಲ್ಲಿ ‘ದಂಗ್’ ಎದ್ದು, ಮುಂದಿನ ಆವರ್ತದ ಮೊದಲ ಪೆಟ್ಟಿಗೆ ‘ದುತ್’ ಎಂದು ಇಳಿಯುತ್ತದೆ. ಹೀಗೆ ಆವರ್ತದ ಗಡಿಯನ್ನೇ ದಾಟಿಕೊಂಡು ಹೋಗುವ ಜೋಡಿ ಪೆಟ್ಟಿನಿಂದಾಗಿ ಸೊಂಟ ತಾನಾಗಿ ಅಲುಗುತ್ತದೆ. ಇದರ ಮೇಲೆ ಬಿದಿರಿನ ಕೊಳಲು, ಮ್ಯಾಂಡೊಲಿನ್, ಎಲೆಕ್ಟ್ರಿಕ್ ಗಿಟಾರ್. 1970ರ ದಶಕದಲ್ಲಿ ರೋಮಾ ಇರಾಮ ತಮ್ಮ ಸೊನೆತಾ ತಂಡದೊಂದಿಗೆ ಡೀಪ್ ಪರ್ಪಲ್‌ನಂಥ ರಾಕ್ ತಂಡಗಳ ಅಬ್ಬರವನ್ನೂ ಇದಕ್ಕೆ ಬೆಸೆದು, ಇಸ್ಲಾಮಿನ ಬೋಧನೆಯನ್ನೂ ಹಾಡಿದರು. ನಕಲಷ್ಟೇ ಆಗಿದ್ದರೆ ಹಿಂದಿ ಹಾಡುಗಳ ಮೋಹ ತಗ್ಗಿದಾಗ ಇದೂ ಕರಗಬೇಕಿತ್ತು. ಆಗಿದ್ದು ಬೇರೆ: ಪೂರ್ವ ಜಾವಾದಲ್ಲಿ ‘ಕೊಪ್ಲೊ’ ಎಂಬ ವೇಗದ ಕವಲು ಒಡೆಯಿತು. ಅಲ್ಲಿ ಸುಂದಾ ಸೀಮೆಯ ಕೆಂಡಾಂಗ್ ಎಂಬ ಮದ್ದಳೆ ಬಂದು ಕೂತು, ವಾದಕ ಗಾಯಕಿಯನ್ನೇ ಕೆಣಕತೊಡಗಿದ. ಧಾಟಿ ಎರವಲು ತಂದದ್ದಿರಬಹುದು, ನಡೆ ಮಾತ್ರ ಅವರದೇ.

ಇನ್ನೊಂದು ಆಕ್ಷೇಪ ಅಶ್ಲೀಲತೆಯದು. ಪಸುರುವಾನ್ ಊರಿನ ಗಾಯಕಿ ಇನುಲ್ ದರತಿಸ್ತಾ ಸೊಂಟ ಕೊರೆಯುವಂತೆ ತಿರುಗಿಸಿ ಕುಣಿದ ವಿಸಿಡಿಗಳು ಊರೂರು ಸುತ್ತಿ, 2003ರಲ್ಲಿ ದೇಶದ ಟಿವಿಗೇ ಬಂದಾಗ ರೋಮಾ ಅವರೇ ಕಟುವಾಗಿ ವಿರೋಧಿಸಿದರು. ಎಲ್ಲ ಕುಣಿತವೂ ಘನವಾದದ್ದೆಂದು ನಾನೂ ಹೇಳಲಾರೆ. ಕೆಲವಕ್ಕೆ ಹಾಡು ಬರೀ ನೆಪ. ಆದರೆ ಜರೆಯುವಾಗ ಕಲೆಯ ಜತೆಗೆ ಕೇಳುಗರನ್ನೂ ಜರೆದದ್ದುಂಟು. ಕೂಲಿಕಾರರ, ಕೊಳೆಗೇರಿಯವರ ಸಂಗೀತ ಎಂದು ಮೇಲ್ವರ್ಗ ಮೂಗು ಮುರಿದದ್ದು ಇನುಲ್‌ಗಿಂತ ಎಷ್ಟೋ ಮೊದಲೇ. ಅದೇ ಸಂಗೀತದ ತಾರೆ ವಿಯಾ ವಾಲೆನ್ 2018ರ ಜಕಾರ್ತಾ-ಪಾಲೆಂಬಾಂಗ್ ಏಷ್ಯನ್ ಕ್ರೀಡಾಕೂಟದ ಗೀತೆ ಹಾಡಿದರು. 2022ರ ಸ್ವಾತಂತ್ರ್ಯ ದಿನದಂದು ಬಾಲಕ ಫರೆಲ್ ಪ್ರಯೋಗಾ ಅಧ್ಯಕ್ಷರ ಅರಮನೆಯಲ್ಲಿ ಜಾವಾ ಭಾಷೆಯ ಹಾಡು ಹಾಡಿದಾಗ ಮಂತ್ರಿಗಳೂ ಎದ್ದು ಕುಣಿದರು.

ಶುರುಮಾಡುವವರು ರೋಮಾ ಅವರ ‘ಬೆಗಾದಾಂಗ್’ ಕೇಳಲಿ, ಆಮೇಲೆ ಎಲ್ವಿ ಸುಕಾಏಸಿಹ್ ಕಂಠದ ಹಾಡುಗಳನ್ನು, ಕೊನೆಗೆ ಯಾವುದಾದರೂ ಕೊಪ್ಲೊ ತಂಡದ ಬಯಲು ಕಾರ್ಯಕ್ರಮದ ಚಿತ್ರೀಕರಣವನ್ನು ನೋಡಲಿ. ಕಣ್ಣು ಗಾಯಕಿಯ ಮೇಲೆ ನೆಟ್ಟೀತು. ಅದನ್ನು ಕಿತ್ತು, ಹಿಂದೆ ಕೂತ ಕೆಂಡಾಂಗ್ ವಾದಕನ ಕೈಗಳತ್ತ ತಿರುಗಿಸಿ.