ಪರದೇಶಿಗೆ ದೇಶ ಯಾವುದು?

ದಲಿತ ಎಂದರೆ ತನ್ನ ದೇಶದೊಳಗೇ 'ಔಸ್‌ಲೆಂಡರ್' ಎಂದು ಒಮ್ಮೆ ತರಗತಿಯಲ್ಲಿ ಹೇಳಿ ನಾನೇ ಬೀಗಿದ್ದೆ. ಜರ್ಮನ್‌ನಿಂದ ಇಂಗ್ಲಿಷಿಗೆ ಬಂದ ಪದ. ವಿದೇಶಿ, ಹೊರಗಿನವ ಎಂದರ್ಥ. ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: 'ಅವನಿಗೆ ವಾಪಸ್ ಹೋಗೋಕೆ ಒಂದು ದೇಶ ಆದ್ರೂ ಇರುತ್ತಲ್ಲ ಸಾರ್, ನಮ್ಗೆ?' ಹಾಗಾಗಿ ಇಲ್ಲಿಯ ತಕರಾರು ನನ್ನ ಮಾತಿನ ಮೇಲೇ.

ಆ ಪದದ ಹೊಟ್ಟೆಯಲ್ಲೇ 'ಲಾಂಡ್' ಇದೆ, ಅಂದರೆ ನಾಡು. ಹೊರಗಿನವನು ಎನ್ನುವಾಗಲೇ ಅವನಿಗೆ ಬೇರೆಲ್ಲೋ ಒಂದು ನಾಡಿದೆ ಎಂದು ಪದ ಒಪ್ಪಿಕೊಂಡುಬಿಡುತ್ತದೆ. 'ಔಸ್‌ಲೆಂಡರ್ ರೌಸ್', ಹೊರಗಿನವರೇ ತೊಲಗಿ, ಎಂಬ ಜನಾಂಗದ್ವೇಷಿಗಳ ಘೋಷಣೆಗೆ ಬಲ ಇರೋದೇ ಅಲ್ಲಿ. 1961ರ ಒಪ್ಪಂದದ ಪ್ರಕಾರ ಪಶ್ಚಿಮ ಜರ್ಮನಿ ಟರ್ಕಿಯಿಂದ ದುಡಿಯುವವರನ್ನು ಕರೆಸಿಕೊಂಡಿತು. 'ಅತಿಥಿ ಕಾರ್ಮಿಕರು' ಎಂದು ಕರೆಯಿತು. (ಅತಿಥಿಯನ್ನು ಕೂಲಿಗೆ ಹಚ್ಚುವ ಆತಿಥ್ಯ!) 1973ರಲ್ಲಿ ಈ ನೇಮಕಾತಿ ನಿಂತಿತು. ಅಲ್ಲೇ ಹುಟ್ಟಿದ ಅವರ ಮಕ್ಕಳೂ ಔಸ್‌ಲೆಂಡರುಗಳೇ ಆದರು. ಏಕೆಂದರೆ 1913ರ ಕಾನೂನು ಪೌರತ್ವವನ್ನು ನೆಲದಲ್ಲಿ ಅಲ್ಲ, ರಕ್ತದಲ್ಲಿ ಹುಡುಕುತ್ತಿತ್ತು. ಅದು ಸಡಿಲಗೊಂಡದ್ದು 2000ದಲ್ಲಿ. ರಕ್ತದ ಲೆಕ್ಕವನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ದುಡಿಮೆ ಬೇಕು, ದುಡಿಯುವವನು ಬೇಡ ಎನ್ನುವಷ್ಟರ ಮಟ್ಟಿಗೆ ಆ ಕಾರ್ಮಿಕ ನಮ್ಮವನೇ.

ಆದರೆ ದಲಿತನನ್ನು ಊರು ತೊಲಗು ಎನ್ನಲಿಲ್ಲ. ಸತ್ತ ದನ ಎತ್ತೋಕೆ, ತಮಟೆ ಬಡಿಯೋಕೆ ಅವನು ಕೂಗಳತೆಯಲ್ಲೇ ಇರಬೇಕಿತ್ತು. ಅದಕ್ಕೇ ಕೇರಿ. ಔಸ್‌ಲೆಂಡರ್ ಎಂಬ ಪದದಲ್ಲಿ ಈ ಕೇರಿಗೆ ಜಾಗವಿಲ್ಲ. ನಮ್ಮ 'ಪರದೇಶಿ' ಇದಕ್ಕಿಂತ ಪ್ರಾಮಾಣಿಕವಾದದ್ದು. ನಮ್ಮವ್ವ ಸಿಟ್ಟಲ್ಲಿ 'ಪರದೇಶಿ ಮುಂಡೇದೆ' ಅಂದರೆ ದಿಕ್ಕಿಲ್ಲದವನೆ ಅಂತಲೇ ಹೊರತು ಬೇರೆ ದೇಶದವನು ಅಂತಲ್ಲ.

ರೋಸ್ ಔಸ್‌ಲೆಂಡರ್ ಎಂಬ ಯಹೂದಿ ಕವಿಗೆ ಈ ಪದ ಗಂಡನ ಕಡೆಯಿಂದ ಬಂದ ಹೆಸರು. ಮದುವೆ ಮುರಿದರೂ ಹೆಸರು ಉಳಿಯಿತು. ಚೆರ್ನೊವಿಟ್ಸ್‌ನ ಘೆಟ್ಟೋದಲ್ಲಿ ಜೀವ ಉಳಿಸಿಕೊಂಡವರು, ಅಮೆರಿಕಾದಲ್ಲಿ ಕೆಲವು ವರ್ಷ ಇಂಗ್ಲಿಷಿನಲ್ಲಿ ಬರೆದು ಮತ್ತೆ ಜರ್ಮನ್‌ಗೇ ಮರಳಿದರು. ಕೊಂದವರ ಭಾಷೆಯೇ ಅವರ ತಾಯಿನುಡಿಯೂ ಆಗಿತ್ತು. ಬೈಸಿಕೊಂಡ ಕನ್ನಡದಲ್ಲೇ ಬರೆಯುವ ನಮಗೆ ಇವರು ಹತ್ತಿರದವರು, ಆ ಪದವಲ್ಲ.

ಅಂಬೇಡ್ಕರ್ 1921ರಲ್ಲಿ ಜರ್ಮನಿಯ ಬಾನ್ ವಿಶ್ವವಿದ್ಯಾಲಯದಲ್ಲಿ ಹೆಸರು ನೋಂದಾಯಿಸಿದ್ದರು. ಅಲ್ಲಿ ಅವರು ಅಕ್ಷರಶಃ ಔಸ್‌ಲೆಂಡರ್. ಆದರೆ 'ವೀಸಾಗಾಗಿ ಕಾಯುತ್ತಾ' ಎಂಬ ಹೆಸರಿನ ಬರಹದಲ್ಲಿರುವುದು ಜರ್ಮನಿಯಲ್ಲ, ಇಲ್ಲಿಯ ಅಸ್ಪೃಶ್ಯತೆ. 1901ರಲ್ಲಿ ಮಸೂರು ಸ್ಟೇಷನ್ನಿನಲ್ಲಿ ದುಪ್ಪಟ್ಟು ಬಾಡಿಗೆ ಕೊಟ್ಟರೂ ಗಾಡಿಯವನು ಗಾಡಿ ಹೊಡೆಯಲಿಲ್ಲ. ಮಕ್ಕಳೇ ಹೊಡೆದುಕೊಂಡು ಹೋದರು. ಹೊರಟಿದ್ದು ಪರದೇಶಕ್ಕಲ್ಲ, ಅಪ್ಪನ ಹತ್ತಿರಕ್ಕೆ. ಮುಂದಿನ ಸಲ ನಾನು ಪಾಠ ಶುರು ಮಾಡೋದು ಈ ಗಾಡಿಯಿಂದ.